ಕಾರವಾರದ ಆ ಹೊಸ ಊಟದ ಮನೆ: ಮೇಜು ಕಾದಿರಿಸುವಂತಿಲ್ಲ, ಹಲಗೆ ದಿನವೂ ಬದಲು. ಹೋಗಬಹುದೇ?

ಕಾಜುಬಾಗದ ಸೊಸೆ (ಮೇ ತಿಂಗಳ ಎರಡನೆಯ ವಾರ)

ಮುಂದಿನ ವಾರ ಶಿರಸಿಯಿಂದ ನನ್ನ ಅಪ್ಪ, ಅಮ್ಮ ಬರುತ್ತಿದ್ದಾರೆ. ಇಲ್ಲಿ ಅತ್ತೆ, ಮಾವ ಇದ್ದಾರೆ. ಎಲ್ಲರನ್ನೂ ಒಂದು ರಾತ್ರಿ ಹೊರಗೆ ಊಟಕ್ಕೆ ಕರೆದೊಯ್ಯಬೇಕು ಎಂಬುದು ನನ್ನ ಗಂಡನ ಆಸೆ, ಅದೂ ಊರೆಲ್ಲ ಮಾತಾಡುತ್ತಿರುವ ಆ ಹೊಸ ಜಾಗಕ್ಕೇ. ಹೆಸರು ಬರೆಯುವುದಿಲ್ಲ, ಕಾರವಾರದವರಿಗೆ ಬರೆಯಬೇಕಾಗಿಯೂ ಇಲ್ಲ. ಹಳೆಯ ಹಂಚಿನ ಮನೆ, ಅಂಗಳದಲ್ಲಿ ಹಲಸಿನ ಮರ, ಒಳಗೆ ಎಂಟೋ ಹತ್ತೋ ಮೇಜು, ಬಾಗಿಲಿನ ಪಕ್ಕ ಸೀಮೆಸುಣ್ಣದ ಹಲಗೆ. ಫೋನ್ ಮಾಡಿದರೆ "ಬುಕಿಂಗ್ ಇಲ್ಲ, ಬಂದು ಹೆಸರು ಬರೆಸಿ" ಎನ್ನುತ್ತಾರೆ. ಇವತ್ತು ಏನು ಅಡುಗೆ ಎಂದು ಕೇಳಿದರೆ "ಬಂದು ಹಲಗೆ ನೋಡಿ" ಎನ್ನುತ್ತಾರೆ.

ನನ್ನ ತೊಡಕು ಕೇಳಿ. ಅಪ್ಪ ಮೀನು ಮುಟ್ಟುವುದಿಲ್ಲ. ಮಾವನಿಗೆ ಮೀನಿಲ್ಲದಿದ್ದರೆ ಅದು ಊಟವೇ ಅಲ್ಲ. ಅಮ್ಮನಿಗೆ ಮೊಣಕಾಲು ನೋವು, ಬಹಳ ಹೊತ್ತು ನಿಲ್ಲಲಾರಳು. ಅತ್ತೆಗೆ ಸೋಮವಾರ ಮೀನು ವರ್ಜ್ಯ. ಹೋಗಿ ಬಂದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಗಾಡಿ

ಅಕ್ಕ, ಹೋಗಬೇಡಿ. ನಾವು ಶನಿವಾರ ಮಧ್ಯಾಹ್ನ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಹಸಿದುಕೊಂಡು ಬಂದವರು. ಹೆಸರು ಬರೆಸಿದೆವು. ಒಂದು ಗಂಟೆಗೂ ಹೆಚ್ಚು ಹೊತ್ತು ಹಲಸಿನ ಮರದ ಕೆಳಗೆ ನಿಂತೆವು. ಮಕ್ಕಳು ಅಳುತ್ತಿದ್ದವು. ಕೊನೆಗೆ ಕರೆದಾಗ ಹಲಗೆಯ ಮೇಲಿನ ಅರ್ಧ ಪದಾರ್ಥಗಳಿಗೆ ಅಡ್ಡಗೆರೆ ಬಿದ್ದಿತ್ತು. ಬೆಳಚು ಎಂಬ ಚಿಪ್ಪುಮೀನು ಮುಗಿದಿತ್ತು, ನೊಗ್ಲಿ ಮೀನೂ ಮುಗಿದಿತ್ತು. "ಬಂಗಡೆ ಇದೆ, ಬಡಿಸಲೇ?" ಎಂದರು. ಬಂಗಡೆ ತಿನ್ನಲು ಅಷ್ಟು ದೂರ ಬರಬೇಕೇ? ಪೇಟೆಯ ಯಾವುದೋ ಖಾನಾವಳಿಗೆ ಹೋಗಿ ಹತ್ತು ನಿಮಿಷದಲ್ಲಿ ಉಂಡೆವು.

ಮೇಜು ಕಾದಿರಿಸುವುದಿಲ್ಲ ಎನ್ನುವುದು ಗತ್ತು, ಬೇರೇನೂ ಅಲ್ಲ. ಬಾಗಿಲಲ್ಲಿ ಜನ ನಿಂತಿರುವುದು ಕಂಡರೆ ಇನ್ನಷ್ಟು ಜನ ಬರುತ್ತಾರೆ ಎಂಬ ಲೆಕ್ಕ.

ದಕ್ಕೆಯವ

ಹುಬ್ಬಳ್ಳಿಯವರೇ, ಬಂಗಡೆಯನ್ನು ಅಷ್ಟು ಹಗುರವಾಗಿ ಮಾತಾಡಬೇಡಿ.

ನಾನು ಬೈತಖೋಲ್ ಬಂದರಿನಲ್ಲಿ ಮೀನು ಹರಾಜಿನ ಲೆಕ್ಕ ಬರೆಯುವವನು. ಆ ಜಾಗದವರನ್ನು ಬೆಳಿಗ್ಗೆ ಬೋಟು ನಿಲ್ಲುವ ದಕ್ಕೆಯಲ್ಲಿ ನೋಡುತ್ತಿರುತ್ತೇನೆ. ದೊಡ್ಡ ಹೋಟೆಲಿನವರು ಏಜೆಂಟರಿಗೆ ಫೋನ್ ಮಾಡಿ "ಇಂತಿಷ್ಟು ಕಿಲೋ ಇಸವಾಣ, ಇಂತಿಷ್ಟು ಪಾಪ್ಲೆಟ್" ಎಂದು ಹೇಳಿಬಿಡುತ್ತಾರೆ. ಇಲ್ಲಿ ಸಿಗದಿದ್ದರೆ ಏಜೆಂಟ್ ಬೇರೆ ಬಂದರಿನಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತರಿಸಿ ಕೊಡುತ್ತಾನೆ. ಅವರ ಮೆನು ಅಚ್ಚಾಗಿರುವುದರಿಂದ ಅವರಿಗೆ ಅದೇ ಮೀನು ಬೇಕು. ಇವರು ಹಾಗಲ್ಲ. ಬಂದು ಬುಟ್ಟಿ ನೋಡುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ, ಆಮೇಲೆ ಏನು ಕೊಳ್ಳುವುದು ಎಂದು ಯೋಚಿಸುತ್ತಾರೆ. ಒಂದು ದಿನ ಲೆಪ್ಪೆ (ನಂಗು), ಒಂದು ದಿನ ತಾರ್ಲೆ (ಬೂತಾಯಿ). ತಾರ್ಲೆಯನ್ನು ಮೇಜುಬಟ್ಟೆಯ ಹೋಟೆಲಿನಲ್ಲಿ ಬಡಿಸುವ ಧೈರ್ಯ ಯಾರಿಗಿದೆ ಹೇಳಿ. ಅಗ್ಗದ ಮೀನು ಎಂದು ಜನ ಮೂಗು ಮುರಿಯುತ್ತಾರೆ. ಆದರೆ ಮಳೆಗಾಲ ಕಳೆದ ಮೇಲೆ ಎಣ್ಣೆ ತುಂಬಿದ ತಾರ್ಲೆಗೆ ಸಮನಾದ ಮೀನು ನನ್ನ ಮಟ್ಟಿಗೆ ಯಾವುದೂ ಇಲ್ಲ.

ಬುಕಿಂಗ್ ವಿಷಯಕ್ಕೆ ಬರೋಣ. ಹೆಚ್ಚೆಂದರೆ ಹತ್ತು ಮೇಜು. ನಾಲ್ಕು ಮೇಜಿನವರು ಕಾದಿರಿಸಿ ಬಾರದಿದ್ದರೆ ಆ ದಿನದ ಮೀನು ಏನಾಗಬೇಕು? ಫ್ರೀಜರಿಗೆ ಹೋಗಬೇಕು. ನಾಳೆ ಅದನ್ನೇ ನಿಮಗೆ ಬಡಿಸಿದರೆ "ತಾಜಾ ಅಲ್ಲ" ಎಂದು ಇಲ್ಲಿಯೇ ಬಂದು ಬರೆಯುವವರೂ ನೀವೇ.

ಖಾನಾವಳಿ ಮನೆಯವ

ದಕ್ಕೆಯವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದೇನೋ ಹೊಸ ಆವಿಷ್ಕಾರ ಎಂಬಂತೆ ಕುಣಿಯುವುದನ್ನು ಕಂಡರೆ ನನಗೆ ನಗು ಬರುತ್ತದೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಖಾನಾವಳಿ ನಡೆಸಿದ್ದಾರೆ. ಅಜ್ಜಿ ಒಲೆಯ ಮುಂದೆ, ಅಜ್ಜ ಗಲ್ಲಾಪೆಟ್ಟಿಗೆಯ ಮುಂದೆ. ಅಲ್ಲಿ ಯಾವ ಮೆನು ಇತ್ತು? ಯಾವ ಬುಕಿಂಗ್ ಇತ್ತು? ಬೆಳಿಗ್ಗೆ ಮೀನು ಮಾರುವ ಹೆಂಗಸು ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಾಗ ಅದರಲ್ಲಿ ಏನಿತ್ತೋ ಅದೇ ಮಧ್ಯಾಹ್ನದ ಸಾರು. ಗಿರಾಕಿ ಬಂದು "ಇವತ್ತು ಏನು ಮಾಡಿದ್ದೀರಿ?" ಎಂದು ಕೇಳುತ್ತಿದ್ದ. ಅಜ್ಜ ಬಾಯಿಯಲ್ಲೇ ಹೇಳುತ್ತಿದ್ದರು. ಹಲಗೆಗೆ ಸೀಮೆಸುಣ್ಣದ ಖರ್ಚು ಕೂಡ ಇರಲಿಲ್ಲ.

ವ್ಯತ್ಯಾಸ ಬೇರೆ ಕಡೆ ಇದೆ. ಖಾನಾವಳಿಯಲ್ಲಿ ಉದ್ದನೆಯ ಬೆಂಚು. ಪರಿಚಯವಿಲ್ಲದವನ ಮೊಣಕೈ ತಾಗುವಂತೆ ಕುಳಿತು ಉಣ್ಣಬೇಕು. ಕುಚಲಕ್ಕಿ ಅನ್ನ, ಸಾರು, ಒಂದು ತುಂಡು ಹುರಿದ ಮೀನು, ಕುಡಿಯಲು ಸೋಲಕಡಿ. ಕೈ ತೊಳೆದವನು ಮತ್ತೆ ಬೆಂಚಿಗೆ ಬರುವುದಿಲ್ಲ, ಬಂದರೆ ಅಜ್ಜ ದಿಟ್ಟಿಸಿ ನೋಡುತ್ತಿದ್ದರು. ಆದ್ದರಿಂದ ಸರದಿ ಬೇಗ ಸಾಗುತ್ತಿತ್ತು. ಕಾಯುವುದೆಂದರೆ ಒಂದು ಬೀಡಿ ಸೇದುವಷ್ಟು ಹೊತ್ತು. ಈ ಹೊಸ ಜಾಗದಲ್ಲಿ ನಾಲ್ಕು ಜನರ ಮೇಜಿಗೆ ಇಬ್ಬರು ಕೂರುತ್ತಾರೆ. ಮೀನು ಬಂದ ಮೇಲೆ ಮೊದಲು ಮೊಬೈಲ್ ತಿನ್ನುತ್ತದೆ, ಆಮೇಲೆ ಮನುಷ್ಯರು. ಉಂಡು ಮುಗಿದ ಮೇಲೆ ಕಾಫಿ, ಹರಟೆ. ಹೊರಗೆ ನಿಂತವರ ಹೊಟ್ಟೆ ಯಾರಿಗೂ ಕಾಣುವುದಿಲ್ಲ. ಕಾದಿರಿಸುವುದಿಲ್ಲ ಎನ್ನುವುದಾದರೆ ಬೆಂಚು ಹಾಕಬೇಕು. ಮೇಜು ಕುರ್ಚಿಯ ಆರಾಮವೂ ಬೇಕು, ಖಾನಾವಳಿಯ ನಿಯಮವೂ ಬೇಕು ಎಂದರೆ ಹೇಗೆ?

ಬೆಲೆಯ ಮಾತು ಆಡುವುದೇ ಇಲ್ಲ. ಪೇಟೆಯ ಥಾಳಿಯ ಎರಡು ಪಟ್ಟು ದಾಟುತ್ತದೆ.

ಸದಾಶಿವಗಡದ ಹುಡುಗಿ

ಬೆಲೆ ಹೆಚ್ಚು, ಒಪ್ಪುತ್ತೇನೆ. ಆದರೆ ಖಾನಾವಳಿಗೆ ನಾವು ಹೆಣ್ಣುಮಕ್ಕಳು ನಾಲ್ವರು ಒಟ್ಟಿಗೆ ಹೋದರೆ ಎಲ್ಲಿ ಕೂರಿಸುತ್ತಿದ್ದರು ಎಂಬುದನ್ನೂ ಹೇಳಿ. ಪರದೆಯ ಹಿಂದಿನ "ಫ್ಯಾಮಿಲಿ ರೂಮ್" ಎಂಬ ಕತ್ತಲೆ ಕೋಣೆ, ಫ್ಯಾನೂ ಇಲ್ಲದ್ದು. ಇಲ್ಲಿ ನಾವು ಅಂಗಳದಲ್ಲಿ ಗಾಳಿಗೆ ಕುಳಿತು ಉಂಡೆವು. ಯಾರೂ ತಿರುಗಿ ನೋಡಲಿಲ್ಲ. ಆ ಹರಟೆಗೂ ಒಂದು ಬೆಲೆ ಇದೆ, ಅಣ್ಣ.

ಅಕ್ಕನಿಗೆ ನನ್ನ ಸಲಹೆ: ವಾರದ ನಡುವೆ ಹೋಗಿ. ಸಂಜೆ ಏಳಕ್ಕೆ ಬಾಗಿಲು ತೆರೆಯುತ್ತದೆ, ಸ್ವಲ್ಪ ಮುಂಚೆಯೇ ಹೋಗಿ ಹೆಸರು ಬರೆಸಿ. ಶನಿವಾರ, ರವಿವಾರ ಬೇಡ. ಗೋವಾ ಮತ್ತು ಹುಬ್ಬಳ್ಳಿ ನೋಂದಣಿಯ ಗಾಡಿಗಳೇ ತುಂಬಿರುತ್ತವೆ. ರವಿವಾರ ಸಂತೆಯ ಗದ್ದಲವೂ ಸೇರಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಾಳಿ ನದಿಯ ಆಚೆ ದಡದ ನಮ್ಮ ಕಡೆಯಿಂದ ಬರುವವರಿಗೆ ಇನ್ನೊಂದು ಕಷ್ಟ. 2024ರ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದ ಮೇಲೆ ಹೋಗುವವರಿಗೂ ಬರುವವರಿಗೂ ಹೊಸ ಸೇತುವೆಯೊಂದೇ ಆಯಿತು. ಹೆಸರು ಕೂಗುವ ಹೊತ್ತಿಗೆ ನೀವು ಅಲ್ಲಿ ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತಾರೆ. ಸೇತುವೆಯ ಮೇಲೆ ಸಿಕ್ಕಿಬಿದ್ದಿದ್ದೆ ಎಂದರೆ ಕೇಳುವವರಿಲ್ಲ.

ನಿರ್ವಾಹಕ

ಎರಡು ಉತ್ತರಗಳಲ್ಲಿ ಆ ಜಾಗದ ಹೆಸರು ಮತ್ತು ಮಾಲೀಕರ ಮನೆತನ ಬಂದಿತ್ತು, ತೆಗೆದಿದ್ದೇನೆ. ಊಟದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ, ಮನೆತನ ಬೇಡ.

ತೋಟದ ಮಾವ

ನಮಸ್ಕಾರ. ಶಿರಸಿ ಸೀಮೆಯವನು ನಾನು. ಮಗಳು ಕೇಳಿದ್ದು ಅವಳ ಅಪ್ಪನ ಬಗ್ಗೆ, ನೀವೆಲ್ಲ ಮೀನಿನ ಹಿಂದೆ ಓಡಿಹೋದಿರಿ.

ಮೀನು ತಿನ್ನದವನಾಗಿ ಆ ಜಾಗದಲ್ಲಿ ಕುಳಿತು ಬಂದಿದ್ದೇನೆ, ಅಳಿಯನ ಒತ್ತಾಯಕ್ಕೆ. ಹಲಗೆಯ ಮೇಲೆ ಮೀನು ಒಂಬತ್ತು ಬಗೆ, ಒಂದೊಂದಕ್ಕೂ ಯಾವ ಬಲೆ, ಯಾವ ದೋಣಿ ಎಂಬ ವರ್ಣನೆ. ಕೆಳಗೆ ಮೂಲೆಯಲ್ಲಿ "ಸಸ್ಯಾಹಾರಿ: ಪನೀರ್". ಅಷ್ಟೇ! ನನಗೆ ಸಿಟ್ಟು ಬಂದದ್ದು ಸಸ್ಯಾಹಾರಿಗೆ ಒಂದೇ ಪದಾರ್ಥ ಎಂದಲ್ಲ. ಸಮುದ್ರ ದಿನವೂ ಬದಲಾಗುತ್ತದೆ ಎಂದು ಗೊತ್ತಿರುವವರಿಗೆ ನೆಲವೂ ಬದಲಾಗುತ್ತದೆ ಎಂದು ಗೊತ್ತಿಲ್ಲವೇ? ಮೇ ತಿಂಗಳು ಇದು. ಘಟ್ಟದ ಮೇಲೆ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿ ಕೊಯ್ದು ಮುಗಿದಿದೆ, ಭರಣಿಯಲ್ಲಿ ಉಪ್ಪುನೀರಿನಲ್ಲಿ ಕುಳಿತಿದೆ. ಒಂದು ಮಿಡಿ ಕಿವುಚಿ, ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಹಾಕಿದರೆ ಅಪ್ಪೆಹುಳಿ. ಅದಕ್ಕೆ ಗ್ಯಾಸ್ ಕೂಡ ಹೆಚ್ಚು ಸುಡಬೇಕಾಗಿಲ್ಲ. ಹಲಸು ಬಿದ್ದು ಕೊಳೆಯುತ್ತಿದೆ, ಅವರದೇ ಅಂಗಳದ ಮರದಲ್ಲಿ ಕಾಯಿ ಜೋತಾಡುತ್ತಿತ್ತು, ನಾನು ಅದರ ಕೆಳಗೆ ಕುಳಿತು ಪನೀರ್ ತಿಂದೆ. ಮುರುಗಲು (ಕೋಕಮ್) ಹಣ್ಣಿನ ಕಾಲವೂ ಇದೇ. ಕುಮಟಾದ ಸಿಹಿ ಈರುಳ್ಳಿಯ ಜಡೆಗಳು ಹೆದ್ದಾರಿಯ ಬದಿಯಲ್ಲಿ ತೂಗುತ್ತಿವೆ. ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಕೂಡ ಸಿಕ್ಕಿತು. ಆ ಹಣ್ಣಿನ ರಸಾಯನ ಒಂದು ಬಟ್ಟಲು ಕೊಟ್ಟಿದ್ದರೆ ನಾನು ಒಂದು ಗಂಟೆಯಲ್ಲ, ಎರಡು ಗಂಟೆ ನಿಲ್ಲುತ್ತಿದ್ದೆ.

ಮಳೆ ಹಿಡಿದ ಮೇಲೆ ಎಳೆ ಬಿದಿರಿನ ಕಳಲೆ, ಕೆಸುವಿನ ಸೊಪ್ಪಿನ ಕರ್ಕಲಿ, ಪತ್ರೊಡೆ. ಆಲೆಮನೆಯ ದಿನಗಳಲ್ಲಿ ಕಬ್ಬಿನ ಹಾಲಿನ ತೊಡದೇವು. ಒಂದೆಲಗದ ತಂಬುಳಿಗಂತೂ ಕಾಲವೇ ಬೇಡ. ಇಷ್ಟೆಲ್ಲ ಬಿಟ್ಟು ಪನೀರ್! ಅದು ಈ ಜಿಲ್ಲೆಯಲ್ಲಿ ಯಾವ ಮರಕ್ಕೆ ಬಿಡುತ್ತದೆ ಎಂದು ಕೇಳಿದೆ. ಬಡಿಸುವ ಹುಡುಗ ನಕ್ಕ. ಪಾಪ, ಅವನ ತಪ್ಪೇನೂ ಇಲ್ಲ.

ಕಾಜುಬಾಗದ ಸೊಸೆ

ಮಾವ, ನಿಮ್ಮ ಉತ್ತರವನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ಯಾರವರು, ನಮ್ಮ ಕಡೆಯ ಮನುಷ್ಯನೇ ಇರಬೇಕು" ಎಂದರು. ಈಗ ಅವರಿಗೆ ಹೋಗಲೇಬೇಕಂತೆ, ಪನೀರ್ ಬಗ್ಗೆ ಜಗಳ ತೆಗೆಯುವುದಕ್ಕೆ.

ಇನ್ನೊಂದು ಸಂಶಯ. ಮೀನು ಹುರಿಯುವ ಕಾವಲಿಯಲ್ಲೇ ತರಕಾರಿಯನ್ನೂ ಹುರಿಯುತ್ತಾರೆಯೇ? ಅಪ್ಪ ಪಕ್ಕದ ಮೇಜಿನಲ್ಲಿ ಮೀನಿದ್ದರೆ ಸಹಿಸುತ್ತಾರೆ, ಕಾವಲಿ ಒಂದೇ ಆದರೆ ಏಳುತ್ತಾರೆ.

ಸದಾಶಿವಗಡದ ಹುಡುಗಿ

ಬೇರೆ ಕಾವಲಿ ಇದೆ. ಒಲೆ ಅಂಗಳದ ಕಡೆಗೆ ತೆರೆದೇ ಇರುವುದರಿಂದ ನಿಂತಲ್ಲಿಂದ ಕಾಣುತ್ತದೆ. ಸೌಟಿನ ಬಗ್ಗೆ ಮಾತ್ರ ನೀವೇ ಹೇಳಿಬಿಡಿ, ಹೇಳಿದರೆ ಕೇಳುತ್ತಾರೆ.

ಅಘನಾಶಿನಿ

ನಾನು ಕುಮಟಾದವಳು. ಕಾಯುವುದರ ಬಗ್ಗೆ ಎಲ್ಲರೂ ಬರೆದರು, ಯಾರು ಕಾಯಬೇಕು ಎಂಬುದನ್ನು ಬರೆಯಲಿಲ್ಲ. ಇಪ್ಪತ್ತೈದರ ಹುಡುಗರಿಗೆ ಒಂದು ಗಂಟೆ ನಿಲ್ಲುವುದು ಮೋಜು. ಸಮುದ್ರದಂಡೆಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಾರೆ. ಎಪ್ಪತ್ತರ ಅಮ್ಮ, ಸಕ್ಕರೆ ಕಾಯಿಲೆಯ ಅಪ್ಪ, ಹಾಲು ಕುಡಿಯುವ ಕೂಸು, ಇವರಿಗೆ ಹಾಗಲ್ಲ. ಸಕ್ಕರೆ ಕಾಯಿಲೆಯವರಿಗೆ ಊಟದ ಹೊತ್ತು ತಪ್ಪಿದರೆ ಕೈಕಾಲು ನಡುಗಲು ತೊಡಗಬಹುದು. ಮೇಜು ಕಾದಿರಿಸುವುದಿಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ನಿಜವಾಗಿ ನೋಡಿದರೆ ಅದು ಕಾಲು ಗಟ್ಟಿ ಇರುವವರ ನಿಯಮ.

ಬುಕಿಂಗ್ ಬೇಡ ಎಂದರೆ ಬೇಡ. ದಕ್ಕೆಯವರು ಹೇಳಿದ ಕಾರಣ ನನಗೆ ಒಪ್ಪಿಗೆ. ಆದರೆ ಹೆಸರು ಬರೆದುಕೊಂಡವರು ಮೊಬೈಲ್ ನಂಬರನ್ನೂ ಬರೆದುಕೊಂಡು, ಸರದಿ ಹತ್ತಿರ ಬಂದಾಗ ಒಂದು ಕರೆ ಮಾಡಬಹುದಲ್ಲ? ಬ್ಯಾಂಕಿನಲ್ಲಿ ಟೋಕನ್ ಕೊಡುವುದಿಲ್ಲವೇ? ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡ ಮಜ್ಜಿಗೆ ಇಡಲು ಎಷ್ಟು ಖರ್ಚು? ಯಾವ ಪದಾರ್ಥ ಎಷ್ಟು ತಟ್ಟೆ ಉಳಿದಿದೆ ಎಂದು ಹಲಗೆಯಲ್ಲೇ ಬರೆದರೆ ಹುಬ್ಬಳ್ಳಿಯವರು ಬೆಳಚಿನ ಆಸೆಗೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ನೋಡಿಕೊಂಡು ಆಗಲೇ ಹೊರಟುಹೋಗುತ್ತಿದ್ದರು.

ಅಂದ ಹಾಗೆ ಆ ಬೆಳಚು ನಮ್ಮ ಅಘನಾಶಿನಿ ನದಿಯದು. ನೀರು ಇಳಿದ ಹೊತ್ತಿನಲ್ಲಿ ಸೊಂಟದ ಮಟ್ಟ ನಿಂತು ಕೈಯಿಂದ ಹೆಕ್ಕುತ್ತಾರೆ. ಅದು ಮುಗಿದುಹೋಯಿತು ಎಂದರೆ ನನಗೆ ಬೇಸರವಿಲ್ಲ. ಮುಗಿಯಲೇಬೇಕಾದದ್ದು ಅದು.

ಲೆಕ್ಕದವ

ಹಲಗೆಯಲ್ಲಿ ದೊಡ್ಡ ಮೀನಿನ ಮುಂದೆ ದರ ಬರೆದಿರಲಿಲ್ಲ, "ಮಾರುಕಟ್ಟೆ ದರ" ಎಂದಿತ್ತು. ಇಸವಾಣ ಮತ್ತು ಪಾಪ್ಲೆಟ್ ತಿನ್ನುವವರು ಮೊದಲು ಮೀನನ್ನು ತೂಗಿಸಿ, ತಟ್ಟೆಗೆ ಎಷ್ಟಾಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಕೇಳಲು ನಾಚಿಕೆಪಟ್ಟರೆ ಬಿಲ್ ಬಂದಾಗ ಮುಖ ಹುಳಿಯಾಗುತ್ತದೆ.

ಇನ್ನೊಂದು. ಬಿಲ್ಲಿನ ಕೊನೆಯಲ್ಲಿ ಸೇವಾ ಶುಲ್ಕ ಎಂದು ಸೇರಿಸಿದ್ದರು. ಹೋಟೆಲಿನವರು ಗ್ರಾಹಕರ ಒಪ್ಪಿಗೆಯಿಲ್ಲದೆ ಅದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೋಟೆಲ್ ಸಂಘಗಳು ನ್ಯಾಯಾಲಯಕ್ಕೆ ಹೋದವು. ದಿಲ್ಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಾನು ಇದನ್ನು ಹೇಳಿದಾಗ ಮರುಮಾತಿಲ್ಲದೆ ತೆಗೆದರು. ಜಿಎಸ್‌ಟಿ ಕೊಡಲೇಬೇಕು, ಅದು ಬೇರೆ ಮಾತು. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹುಡುಗರ ಸೇವೆ ಚೆನ್ನಾಗಿತ್ತು, ಅವರ ಕೈಗೇ ದುಡ್ಡು ಕೊಟ್ಟೆ.

ಖಾನಾವಳಿ ಮನೆಯವ

ನೋಡಿದಿರಾ, ಅಜ್ಜನ ಗಲ್ಲಾಪೆಟ್ಟಿಗೆಯಲ್ಲಿ ಸೇವಾ ಶುಲ್ಕಕ್ಕೆ ಖಾನೆಯೇ ಇರಲಿಲ್ಲ. ಸದಾಶಿವಗಡದ ತಂಗಿ ಹೇಳಿದ ಕತ್ತಲೆ ಕೋಣೆ ಮಾತ್ರ ನಿಜ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಕಾಜುಬಾಗದ ಸೊಸೆ (ಮೇ ತಿಂಗಳ ಕೊನೆ)

ಹೋಗಿ ಬಂದೆವು. ವಾರದ ನಡುವೆ, ಬಾಗಿಲು ತೆರೆಯುವ ಮುಂಚೆ. ನಮಗಿಂತ ಮುಂದೆ ಎರಡು ಕುಟುಂಬಗಳಿದ್ದವು. ಗಂಡ ಮೊದಲೇ ಹೋಗಿ ಹೆಸರು ಬರೆಸಿ ನಿಂತ, ನಾವು ಹಿಂದಿನಿಂದ ರಿಕ್ಷಾದಲ್ಲಿ ಹೋದೆವು. ಅಮ್ಮ ಅಂಗಳದ ಕಟ್ಟೆಯ ಮೇಲೆ ಕುಳಿತಳು. ಅಘನಾಶಿನಿಯವರೇ, ಕುರ್ಚಿ ಇನ್ನೂ ಇಟ್ಟಿಲ್ಲ. ಕೇಳಿದಾಗ ಒಳಗಿನಿಂದ ಒಂದನ್ನು ತಂದರು, ಅಷ್ಟರಲ್ಲಿ ಸರದಿಯೇ ಬಂತು.

ಆ ದಿನದ ಹಲಗೆ: ತಿರಫಳ ಎಂಬ ಮಸಾಲೆಕಾಯಿ ಹಾಕಿದ ಬಂಗಡೆ ಸಾರು, ಬೆಳಚಿನ ಸುಕ್ಕೆ, ರವೆ ಹಚ್ಚಿ ಹುರಿದ ಲೆಪ್ಪೆ, ಸಿಗಡಿ ಹಾಕಿದ ಬಸಳೆ, ಇಸವಾಣ (ದರ ಕೇಳಿ ಬಿಟ್ಟೆವು). ಸಸ್ಯಾಹಾರದ ಸಾಲಿನಲ್ಲಿ ಪನೀರ್ ಇರಲಿಲ್ಲ! ತೋಟದ ಮಾವನ ಮಾತು ಅವರ ಕಿವಿಗೆ ಬಿದ್ದಿತೋ, ಪನೀರ್ ತೀರಿಹೋಗಿತ್ತೋ ಗೊತ್ತಿಲ್ಲ. ಎಳೆ ಹಲಸಿನಕಾಯಿ ಪಲ್ಯ, ಮುರುಗಲ ಸಾರು, ಬಾಳೆಕಾಯಿ ಹುರಿದದ್ದು. ಜಗಳಕ್ಕೆ ಸಿದ್ಧರಾಗಿ ಬಂದ ಅಪ್ಪನಿಗೆ ಸ್ವಲ್ಪ ನಿರಾಶೆಯೇ ಆಯಿತು. ಹಲಸಿನ ಪಲ್ಯಕ್ಕೆ "ಕಾಯಿ ಬಲಿತಿದೆ, ಇನ್ನೂ ಎಳೆಯದು ಬೇಕಿತ್ತು" ಎಂದು ಹೇಳಿ ಸಮಾಧಾನ ಮಾಡಿಕೊಂಡರು. ಆಮೇಲೆ ಎರಡನೆಯ ಸಲ ಬಡಿಸಿಕೊಂಡರು.

ಬಂಗಡೆ ಸಾರಿನ ಬಗ್ಗೆ ಮಾವನ ಮಾತನ್ನು ಬರೆಯಲೇಬೇಕು. ಅವರು ಅಷ್ಟು ಸುಲಭವಾಗಿ ಹೊಗಳುವವರಲ್ಲ, ಅತ್ತೆಯ ಅಡುಗೆಗೇ ತಲೆಯಾಡಿಸಿದ್ದನ್ನು ನಾನು ಕಂಡಿಲ್ಲ. ಮೊದಲ ತುತ್ತಿಗೆ ಸುಮ್ಮನಾದರು. ತಿರಫಳವನ್ನು ಅರೆದಿರಲಿಲ್ಲ, ಜಜ್ಜಿ ಕೊನೆಯಲ್ಲಿ ಹಾಕಿದ್ದರು. ನಾಲಗೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ತೆಂಗಿನಕಾಯಿ ನುಣ್ಣಗೆ ಅರೆದು, ಹುಳಿ ಹದವಾಗಿತ್ತು. ಮೀನು ಮುರಿಯದೆ ಇಡಿಯಾಗಿ ಬಂತು. "ಬೆಂಕಿಯ ಮುಂದೆ ನಿಂತವರು ಕಾರವಾರದ ಹೆಂಗಸರೇ" ಎಂದರು. ಇಣುಕಿ ನೋಡಿದೆ, ಹೌದು, ಇಬ್ಬರು ಹಿರಿಯ ಹೆಂಗಸರು. ಆ ಏಪ್ರನ್ ಹಾಕಿದ ಹುಡುಗ ಹಲಗೆ ಬರೆಯುವವನು, ಸಾರು ಕುದಿಸುವವರು ಅವರು.

ಲೆಪ್ಪೆ ಅತಿಯಾಗಿ ಹುರಿದು ಒಣಗಿತ್ತು. ಸುಕ್ಕೆಯಲ್ಲಿ ಒಂದೆರಡು ಚಿಪ್ಪಿನೊಳಗೆ ಮರಳು ಸಿಕ್ಕಿತು. ಅನ್ನವನ್ನು ಚಿಕ್ಕ ಬಟ್ಟಲಲ್ಲಿ ಗೋಪುರದಂತೆ ಮಗುಚಿ ತರುವುದು ಅಪ್ಪನಿಗೆ ಅವಮಾನವೆನಿಸಿತು, "ಇದು ಯಾರಿಗೆ ಸಾಕು?" ಎಂದು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಅನ್ನಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ, ಅದು ಒಳ್ಳೆಯದು. ಸೇವಾ ಶುಲ್ಕವೂ ಬಿಲ್ಲಿನಲ್ಲಿ ಇರಲಿಲ್ಲ, ಲೆಕ್ಕದವರಿಗೆ ಧನ್ಯವಾದ.

ಪಕ್ಕದ ಮೇಜಿನಲ್ಲಿ ಪೂರ್ತಿ ಬೆರಳಿನಷ್ಟೂ ಉದ್ದವಿಲ್ಲದ ಬಂಗಡೆ ಮರಿಗಳನ್ನು ಗರಿಗರಿಯಾಗಿ ಹುರಿದು ತಟ್ಟೆಯಲ್ಲಿ ರಾಶಿ ಹಾಕಿದ್ದರು. ನೋಡಲು ಚೆನ್ನಾಗಿತ್ತು, ನಾವು ತರಿಸಲಿಲ್ಲ.

ದಕ್ಕೆಯವ

ಅಕ್ಕ, ಆ ಕೊನೆಯ ಸಾಲು ಓದಿ ನನಗೆ ಊಟ ಸೇರಲಿಲ್ಲ. ಮೇ ತಿಂಗಳಲ್ಲಿ ಬಂಗಡೆ ಮರಿ! ನಾನು ಅವರ ಪರ ಇಷ್ಟು ಬರೆದೆ, ಅವರು ಇದನ್ನು ಬಡಿಸುತ್ತಾರೆಯೇ?

ಹಲಗೆ ದಿನವೂ ಬದಲಾಗುವುದರ ಗುಣವೇ ಅದು: ಬೇಡವಾದದ್ದನ್ನು ಬಿಡುವ ಸ್ವಾತಂತ್ರ್ಯ. ಅಚ್ಚಾದ ಮೆನುವಿನವನಿಗೆ ಆ ಸ್ವಾತಂತ್ರ್ಯವಿಲ್ಲ, ಇವರಿಗೆ ಇದೆ. ಮರಿ ಮೀನು ಬಲೆಗೆ ಬಂದದ್ದು ನಿಜ, ಬೋಟಿನವನು ಅದನ್ನು ಮಾರದಿದ್ದರೆ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ, ಅದೂ ನಿಜ. ಆದರೆ ಅದಕ್ಕೊಂದು ಚೆಂದದ ಹೆಸರಿಟ್ಟು ಹಲಗೆಗೆ ಏರಿಸಿದರೆ ನಾಳೆ ಎಲ್ಲರೂ ಅದನ್ನೇ ಕೇಳುತ್ತಾರೆ. ಕೇರಳದಲ್ಲಿ 2015ರಲ್ಲೇ ಬಂಗಡೆ 14 ಸೆಂಟಿಮೀಟರಿಗಿಂತ, ತಾರ್ಲೆ 10 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಎಂದು ಮಾಡಿದರು. ಅಳತೆಯ ಕೋಲು ಬೇಡ, ಒಂದು ಅಂದಾಜು ಹೇಳುತ್ತೇನೆ. ನಿಮ್ಮ ಅಂಗೈ ಬುಡದಿಂದ ಬೆರಳ ತುದಿಯವರೆಗೆ ಬಾರದ ಬಂಗಡೆಯನ್ನು ಕೊಳ್ಳಬೇಡಿ.

ಹಿಂದೆ ನಮ್ಮ ದಂಡೆಯಲ್ಲಿ ರಂಪಣಿ ಬಲೆ ಬೀಸಿದರೆ ಊರಿಗೆ ಊರೇ ಹಗ್ಗ ಹಿಡಿದು ಎಳೆಯುತ್ತಿತ್ತು. ಬಂಗಡೆಯ ರಾಶಿ ದಂಡೆಗೆ ಬೀಳುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಸುತ್ತುವ ದೊಡ್ಡ ಬಲೆಯ ಪರ್ಸೀನ್ ಬೋಟುಗಳು ಬಂದವು, ಮೀನು ದಂಡೆಗೆ ಬರುವ ಮೊದಲೇ ಆಳದಲ್ಲೇ ಬಾಚಿದವು, ರಂಪಣಿ ಹೋಯಿತು. ಇದನ್ನೆಲ್ಲ ನೋಡಿದ ಅಪ್ಪನ ಮಗ ನಾನು. ಮರಿಯ ವಿಷಯದಲ್ಲಿ ಸ್ವಲ್ಪ ಬಿಸಿಯಾದರೆ ಕ್ಷಮಿಸಿ.

ಹುಬ್ಬಳ್ಳಿ ಗಾಡಿ

ದಕ್ಕೆಯವರೇ, ಈಗ ನೀವೂ ನನ್ನ ಸಾಲಿಗೆ ಬಂದಿರಿ. ಸ್ವಾಗತ.

ತೋಟದ ಮಾವ

ಬಾಳೆಕಾಯಿ ಹುರಿದದ್ದು ಒಳ್ಳೆಯ ಸುದ್ದಿ. ಅಪ್ಪೆಹುಳಿ ಇನ್ನೂ ಇಲ್ಲ.

ಖಾನಾವಳಿ ಮನೆಯವ (ಜೂನ್ ತಿಂಗಳ ನಡುವೆ)

ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ, ಕಾರಣವಿದೆ. ಜೂನ್ 1ರಿಂದ ಯಾಂತ್ರಿಕ ಬೋಟುಗಳಿಗೆ 61 ದಿನ ಮೀನು ಹಿಡಿಯಲು ನಿಷೇಧ. ಜುಲೈ 31ರವರೆಗೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳು ಮಾತ್ರ, ಅದೂ ಸಮುದ್ರ ಬಿಟ್ಟುಕೊಟ್ಟ ದಿನ, ಹೋಗಿ ಬರುತ್ತವೆ. ಈಗ ಅವರ ಹಲಗೆಯಲ್ಲಿ ಏನಿರುತ್ತದೆ, ಗೋವಾದ ಮಂಜುಗಡ್ಡೆಯ ಮೀನು ತಾನೇ ಎಂದು ಕೈ ತೋರಿಸಿ ನಗುವುದಕ್ಕೆಂದೇ ಹೋದೆ. ಮಳೆ ಸುರಿಯುತ್ತಿತ್ತು. ಸರದಿ ಇರಲಿಲ್ಲ, ನೇರವಾಗಿ ಒಳಗೆ ಕರೆದರು.

ಹಲಗೆಯಲ್ಲಿ ಮೂರೇ ಮೀನು. ಒಂದು ಹೊಳೆಯ ಸಿಗಡಿ, ಸ್ವಲ್ಪ. ಇನ್ನೊಂದು ಪಂಜರದಲ್ಲಿ ಸಾಕಿದ ಮೀನು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಾರವಾರ ಶಾಖೆಯವರು ಪಂಜರ ಕೃಷಿ ಕಲಿಸಲು ತೊಡಗಿ ಬಹಳ ವರ್ಷಗಳಾದವು, ಹೋಟೆಲಿನವರು ಅದನ್ನು ಹೇಳಿಕೊಳ್ಳಲು ನಾಚುತ್ತಾರೆ. ಇವರು "ಸಾಕಿದ್ದು" ಎಂದೇ ಬರೆದಿದ್ದರು. ಮೂರನೆಯದು ಒಣ ಮೀನು. ಒಣ ಸಿಗಡಿಯನ್ನು ಕೆಂಡದ ಮೇಲೆ ಹುರಿದು, ತೆಂಗಿನಕಾಯಿ, ಈರುಳ್ಳಿ, ಮುರುಗಲು ಸೇರಿಸಿ ಕೈಯಲ್ಲಿ ಕಿವುಚಿದ ಚಟ್ನಿ, ಕುಚಲಕ್ಕಿ ಗಂಜಿ. ಮಳೆಗಾಲದಲ್ಲಿ ನಮ್ಮ ಅಜ್ಜಿ ಗಿರಾಕಿಗಳಿಗಲ್ಲ, ಮನೆಯವರಿಗೆ ಮಾಡುತ್ತಿದ್ದ ಊಟ ಅದು. ಗಿರಾಕಿಗೆ ಗಂಜಿ ಬಡಿಸುವುದೆಂದರೆ ಅವಳಿಗೆ ಮರ್ಯಾದೆಯ ಪ್ರಶ್ನೆ.

ಚಟ್ನಿಗೆ ಉಪ್ಪು ಒಂದು ಹರಳು ಹೆಚ್ಚಾಗಿತ್ತು. ಉಳಿದಂತೆ ಹೇಳುವುದಕ್ಕೆ ಏನೂ ಇಲ್ಲ. ಗಂಜಿಗೆ ಅವರು ಹಾಕಿದ ಬೆಲೆ ನೋಡಿ ಅಜ್ಜಿ ಇದ್ದಿದ್ದರೆ ಮೂರ್ಛೆ ಹೋಗುತ್ತಿದ್ದಳು, ಆ ಮಾತು ಹಾಗೆಯೇ ಇರಲಿ.

ಸದಾಶಿವಗಡದ ಹುಡುಗಿ

ಅಣ್ಣ, ಎರಡನೆಯ ಸಲ ಹಾಕಿಸಿಕೊಂಡಿರೋ ಇಲ್ಲವೋ?

ಖಾನಾವಳಿ ಮನೆಯವ

ಹಾಕಿಸಿಕೊಂಡೆ.

ತೋಟದ ಮಾವ

ಕಳಲೆ ಬಂತೇ ಎಂದು ಯಾರಾದರೂ ಹೇಳಿ. ಘಟ್ಟದ ಮೇಲೆ ಮೊಳಕೆ ಏಳುತ್ತಿದೆ. ಕೊಯ್ದು, ಹೆಚ್ಚಿ, ನೀರು ಬದಲಾಯಿಸುತ್ತಾ ನೆನೆಸಬೇಕು, ಅದನ್ನು ಅವಸರದಲ್ಲಿ ಮಾಡುವಂತಿಲ್ಲ. ಬೇಕಾದರೆ ನಾನೇ ಬಸ್ಸಿನಲ್ಲಿ ಕಳುಹಿಸುತ್ತೇನೆ. ದೇವಿಮನೆ ಘಟ್ಟದ ರಸ್ತೆ ತೆರೆದಿದ್ದರೆ.

ಅಘನಾಶಿನಿ

ಇನ್ನು ಬೋಟ್ ಇಳಿದ ಮೇಲೆ ಮೀನು ಬರುವ ಹೊತ್ತಿಗೆ ಶ್ರಾವಣ. ಕಾರವಾರದ ಅರ್ಧ ಮನೆಗಳಲ್ಲಿ ಚೌತಿ ಮುಗಿಯುವವರೆಗೆ ಮೀನಿಲ್ಲ. ಆಗ ಅವರ ಹಲಗೆಯನ್ನು ನೋಡಬೇಕು. ಊರಿನವರಿಗೆ ಬರೆಯುತ್ತಾರೋ, ಗಾಡಿಯಲ್ಲಿ ಬರುವವರಿಗೆ ಬರೆಯುತ್ತಾರೋ?

ಕಾಜುಬಾಗದ ಸೊಸೆ (ಶ್ರಾವಣ)

ಎರಡನ್ನೂ ಬರೆದಿದ್ದಾರೆ. ಹಲಗೆಯನ್ನು ನಡುವೆ ಗೆರೆ ಎಳೆದು ಸೀಳಿದ್ದಾರೆ. ಎಡಕ್ಕೆ ಬಂಗಡೆ, ಸಿಗಡಿ, ನೊಗ್ಲಿ. ಬಲಕ್ಕೆ ಪತ್ರೊಡೆ, ಕಳಲೆ ಹುಳಿ, ಹೆಸರುಕಾಳು ಉಸಳಿ, ಬಾಳೆಎಲೆಯಲ್ಲಿ ಬೇಯಿಸಿದ ಸೌತೆಕಾಯಿ ಕಡುಬು. ಅತ್ತೆ ಬಲಗಡೆಯದನ್ನು ಓದಿ ಒಪ್ಪಿದರು, ಮಾವ ಎಡಗಡೆಯದನ್ನು ಓದಿ ನಿಟ್ಟುಸಿರುಬಿಟ್ಟರು, ಅವರಿಗೂ ಶ್ರಾವಣ ಹಿಡಿಸಿದ್ದಾರೆ. ಕುರ್ಚಿಗಳು ಬಂದಿವೆ, ಆರು. ಮಜ್ಜಿಗೆ ಇಲ್ಲ. ಮೊಬೈಲ್ ನಂಬರ್ ಬರೆದುಕೊಳ್ಳುತ್ತಾರೆ, ಆದರೆ ಕರೆ ಮಾಡುವುದಿಲ್ಲ, ಅಂಗಳದಲ್ಲಿ ನಿಂತು ಹೆಸರನ್ನೇ ಕೂಗುತ್ತಾರೆ. ಬಂಗಡೆ ಮರಿ ಕಾಣಲಿಲ್ಲ.

ತೋಟದ ಮಾವ

ಕಳಲೆ ಹುಳಿಗೆ ಏನು ಒಗ್ಗರಣೆ ಹಾಕಿದ್ದರು?

ಕಾಜುಬಾಗದ ಸೊಸೆ

ಬೆಳ್ಳುಳ್ಳಿ, ಮಾವ.

ತೋಟದ ಮಾವ

ಛೆ. ಸಾಸಿವೆ ಸಾಕಿತ್ತು. ಚೌತಿ ಮುಗಿದ ಮೇಲೆ ಅಳಿಯನ ಜೊತೆ ಬರುತ್ತೇನೆ, ಬಂದು ಹೇಳುತ್ತೇನೆ.